ಹೊಸಕೋಟೆಯ ಹಾದಿಯೂ ಹೊನ್ನಿನ ಹುಡುಕಾಟವೂ

ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟು, ಹೊಸಕೋಟೆಯನ್ನು ಹಾದು ಕೋಲಾರಕ್ಕೆ ಹೋಗುವ ಹೆದ್ದಾರಿಯನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲಿರಿ. ಸಂಸಾರ ಸಮೇತರಾಗಿ ಆ ಹಾದಿಯಲ್ಲಿ ವಿಹಾರ ಹೋಗುವವರೂ ಉಂಟು. ಆದರೆ ವಿಹಾರವೋ ವ್ಯವಹಾರವೋ ಎಂದು ಹೇಳಲಾಗದ ಒಂದು ವಿಚಿತ್ರ ಪ್ರಯಾಣಕ್ಕೂ ಈ ಸೀಮೆಯು ಸಾಕ್ಷಿಯಾಗಿದೆ. ಅದನ್ನೇ ಈ ಹೊತ್ತು ನಿಮ್ಮ ಮುಂದೆ ನಿವೇದಿಸಬೇಕೆಂದಿದ್ದೇವೆ.

1871ರಲ್ಲಿ, ಬೆಂಗಳೂರು ದಂಡಿನಲ್ಲಿ ನೆಲಸಿದ್ದ ಮೈಕೇಲ್ ಲಾವೆಲ್ಲೆ ಎಂಬ ಐರ್ಲೆಂಡಿನವನು ಎತ್ತಿನ ಗಾಡಿಯನ್ನು ಕಟ್ಟಿಸಿಕೊಂಡು ಕೋಲಾರದ ಕಡೆಗೆ ಹೊರಟನು. ಆತನು ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ, ಸೈನ್ಯದಿಂದ ನಿವೃತ್ತನಾಗಿದ್ದವನು. ಆ ದೇಶದ ಒಟಾಗೋ ಪ್ರಾಂತದಲ್ಲಿ 1861ರಲ್ಲಿ ಚಿನ್ನ ಕಾಣಿಸಿಕೊಂಡು, ಸಾವಿರಾರು ಮಂದಿ ಗುದ್ದಲಿ ಬೋಗುಣಿಗಳನ್ನು ಹಿಡಿದು ಹೊಳೆಗಳ ದಡಕ್ಕೆ ನುಗ್ಗಿದ್ದರು. ಅಲ್ಲಿ ಹತ್ತಿದ ಚಿನ್ನದ ಗೀಳು ಲಾವೆಲ್ಲೆಯನ್ನು ಇಲ್ಲಿಯೂ ಬಿಡಲಿಲ್ಲ. ಉದ್ಯೋಗವಿಲ್ಲದ ಹೊತ್ತನ್ನು ಹಳೆಯ ವರದಿಗಳ ಓದಿನಲ್ಲಿ ಕಳೆಯುತ್ತಿದ್ದವನಿಗೆ, ಜಾನ್ ವಾರನ್ ಎಂಬ ಸೇನಾಧಿಕಾರಿ ಬರೆದಿಟ್ಟಿದ್ದ ವೃತ್ತಾಂತವು ಕಣ್ಣಿಗೆ ಬಿದ್ದಿತು.

ಆ ವೃತ್ತಾಂತದ ಸಾರಾಂಶವಿದು. ಟೀಪೂ ಸುಲ್ತಾನನ ಪತನವಾಗಿ ಮೂರು ವರ್ಷಗಳು ಕಳೆದಿದ್ದವು. 1802ರಲ್ಲಿ ಮೈಸೂರು ರಾಜ್ಯದ ಮೂಡಣ ಗಡಿಯನ್ನು ಅಳೆಯುತ್ತಿದ್ದ ವಾರನ್ನನಿಗೆ, ಎರ್ರಕೊಂಡ ಬೆಟ್ಟದ ಬಳಿ ಮಣ್ಣಿನಲ್ಲಿ ಹೊನ್ನಿದೆಯೆಂಬ ಮಾತು ಕೇಳಿಬಂದಿತು. ತೋರಿಸಿದವರಿಗೆ ಬಹುಮಾನವೆಂದು ಆತನು ಸಾರಿಸಿದನು. ಹಳ್ಳಿಯವರು ಗಾಡಿಗಳಲ್ಲಿ ಮಣ್ಣನ್ನು ತುಂಬಿಕೊಂಡು ಬಂದು, ಆತನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಉರಿಗಾಂ, ಮಾರಿಕುಪ್ಪಂ ಮೊದಲಾದ ಊರುಗಳ ಸುತ್ತ ಜನರು ಅದಾಗಲೇ ನೆಲವನ್ನು ತೋಡಿ, ಕಲ್ಲನ್ನು ಕುಟ್ಟಿ, ಹೊನ್ನನ್ನು ತೆಗೆಯುತ್ತಿದ್ದರು. ವಾರನ್ನನು ಕಂಡುದು ಹೊನ್ನನ್ನಲ್ಲ, ಹೊನ್ನನ್ನು ಬಲ್ಲವರನ್ನು!

ಅವರ ವಿದ್ಯೆಯು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಚಿನ್ನವು ನೀರಿಗಿಂತ ಸುಮಾರು 19 ಪಾಲು ತೂಕವುಳ್ಳದ್ದು. ಬೆಣಚುಕಲ್ಲು ಮೂರು ಪಾಲಿನಷ್ಟೂ ಇಲ್ಲ. ಆದುದರಿಂದ ಮಣ್ಣನ್ನು ಮರದ ಮರಿಗೆಯಲ್ಲಿ ಹಾಕಿ, ನೀರನ್ನು ಹದವಾಗಿ ಕುಲುಕಿದರೆ ಹಗುರವಾದುದು ಹರಿದುಹೋಗಿ, ಭಾರವಾದ ಕರಿಮರಳೂ ಅದರ ನಡುವೆ ಒಂದೆರಡು ಹಳದಿ ಕಣಗಳೂ ತಳದಲ್ಲಿ ನಿಲ್ಲುತ್ತವೆ. ಕೈಯ ಹದ ತಪ್ಪಿದರೆ ದಿನದ ದುಡಿಮೆಯೆಲ್ಲ ನೀರಿನ ಪಾಲು. ಈ ಕಸುಬು ಕೋಲಾರಕ್ಕೆ ಮಾತ್ರವೇ ಮೀಸಲಾಗಿರಲಿಲ್ಲ. ಬಡಗಣ ಕರ್ಣಾಟಕದಲ್ಲಿ, ಡಂಬಳದ ಬಳಿಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಹೊನ್ನನ್ನು ತೊಳೆಯುವವರಿಗೆ ಜಲಗಾರರೆಂದೇ ಹೆಸರು. ಭೂಗರ್ಭ ಶಾಸ್ತ್ರಜ್ಞನಾದ ಬ್ರೂಸ್ ಫೂಟನು 1874ರಲ್ಲಿ ಆ ಬೆಟ್ಟಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದನು. ಜಲಗಾರನೆಂದರೆ ಬೀದಿ ಗುಡಿಸುವವನೆಂಬ ಅರ್ಥವೂ ನಮ್ಮ ಭಾಷೆಯಲ್ಲಿದೆ. ಲೋಕವು ಬಿಸುಟ ಧೂಳಿನಲ್ಲಿಯೇ ಬಾಳನ್ನು ಹುಡುಕುವವರಿಗೆ ಒಂದೇ ಹೆಸರು ಸಂದಿತೋ ಏನೋ!

ಲಾವೆಲ್ಲೆಯ ಕಥೆಗೆ ಹಿಂದಿರುಗೋಣ. ಆತನು 1873ರಲ್ಲಿ ಸರ್ಕಾರಕ್ಕೆ ಅರ್ಜಿಯನ್ನು ಸಲ್ಲಿಸಿ, 1875ರಲ್ಲಿ ಗಣಿಯ ಹಕ್ಕನ್ನು ಪಡೆದನು. ಆದರೆ ಆಳವಾದ ಗಣಿಗೆ ಬೇಕಾದ ಬಂಡವಾಳವು ಒಬ್ಬ ನಿವೃತ್ತ ಸೈನಿಕನಲ್ಲಿ ಎಲ್ಲಿಂದ ಬಂದೀತು? ಹಕ್ಕು ಬೇರೆಯವರ ಕೈ ಸೇರಿತು. 1880ರಲ್ಲಿ ಜಾನ್ ಟೇಲರ್ ಮತ್ತು ಪುತ್ರರ ಸಂಸ್ಥೆಯು ಬಂದ ಮೇಲೆ ಕೆಲಸವು ಕುದುರಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯೂ ಬಂದಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟು, ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕೆಲಸವನ್ನು ಕಳೆದುಕೊಂಡ ಕುಟುಂಬಗಳೂ ಧೂಳಿನ ದಿಬ್ಬಗಳೂ ಉಳಿದವು.

ಇನ್ನು, ಹೊಸಕೋಟೆ ದೇವನಹಳ್ಳಿಗಳ ಕೆರೆಯಂಗಳದಲ್ಲಿ ನಾವೂ ಒಂದು ಬೋಗುಣಿ ಹಿಡಿದು ನೋಡಬಾರದೇಕೆ ಎಂದು ತರುಣ ಶ್ರೋತೃಗಳು ಕೇಳಬಹುದು. ಈ ಭಾಗದ ನೆಲವೆಲ್ಲ ಬಹುಮಟ್ಟಿಗೆ ನೈಸ್ ಮತ್ತು ಗ್ರಾನೈಟ್ ಬಂಡೆ. ಕೋಲಾರದ ಹೊನ್ನು ಇರುವುದಾದರೋ ತೆಂಕಣ ಬಡಗಣವಾಗಿ ಸುಮಾರು 80 ಕಿಲೋಮೀಟರು ಹಬ್ಬಿದ, ಕೆಲವೇ ಕಿಲೋಮೀಟರು ಅಗಲದ ಬೇರೊಂದು ಶಿಲೆಯ ಪಟ್ಟಿಯಲ್ಲಿ. ಅಲ್ಲಿಗೇ ಹೋಗಿ ತೋಡೋಣವೆಂದರೆ, 1957ರ ಗಣಿ ಮತ್ತು ಖನಿಜಗಳ ಶಾಸನದಂತೆ ಪರವಾನಗಿಯಿಲ್ಲದೆ ಖನಿಜವನ್ನು ಅರಸುವುದು ಅಪರಾಧ. ಲಾವೆಲ್ಲೆಯ ನ್ಯೂಜಿಲೆಂಡಿನಲ್ಲಿ ಹವ್ಯಾಸಿಗಳಿಗೆಂದೇ ಕೆಲವು ಹೊಳೆಗಳನ್ನು ಬಿಟ್ಟಿದ್ದಾರೆ. ನಮ್ಮಲ್ಲಿ ಆ ಏರ್ಪಾಡಿಲ್ಲ. ಇದಲ್ಲದೆ, ಕೋಲಾರದ ದಿಬ್ಬಗಳು ಸೈನೈಡಿನಿಂದ ಚಿನ್ನವನ್ನು ಸೆಳೆದ ಮೇಲೆ ಉಳಿದ ಹುಡಿ. ಅದನ್ನು ಕೆದಕುವುದು ಆಟವಲ್ಲ.

ಹಾಗಾದರೆ ಬರಿಗೈಯಲ್ಲಿ ಮರಳಬೇಕೆ? ಬೇಡ. ಬೆಂಗಳೂರಿನಲ್ಲಿ ಲಾವೆಲ್ಲೆಯ ಹೆಸರಿನದೊಂದು ರಸ್ತೆಯಿದೆ. ವಾರನ್ನನ ಹೆಸರು ಗಣಿಯ ಚರಿತ್ರೆಯಲ್ಲಿ ನಿಂತಿದೆ. ಗಾಡಿಯಲ್ಲಿ ಮಣ್ಣನ್ನು ತಂದು ಅವನ ಮುಂದೆ ತೊಳೆದವರ ಹೆಸರಿನಲ್ಲಿ ಒಂದು ಓಣಿಯೂ ಇಲ್ಲ. ಒಬ್ಬನಿಗೆ ಹವ್ಯಾಸವಾಗಿದ್ದುದು ಅವರಿಗೆ ಅಂದಿನ ಅನ್ನವಾಗಿದ್ದಿತು. ಅವರ ಅರಿವೇ ಆ ಗಣಿಗಳಿಗೆಲ್ಲ ಮೊದಲ ಮೂಲಧನ. ಮುಂದಿನ ಬಾರಿ ಹೊಸಕೋಟೆಯ ಕೆರೆಯನ್ನು ದಾಟಿ ಮೂಡಲಿಗೆ ಸಾಗುವಾಗ, ಗುದ್ದಲಿಯನ್ನು ಮನೆಯಲ್ಲಿಯೇ ಬಿಟ್ಟು, ಹೆಸರಿಲ್ಲದ ಆ ಜಲಗಾರರನ್ನು ಒಂದು ಗಳಿಗೆ ನೆನೆಯೋಣ. ಚರಿತ್ರೆಯ ಮಣ್ಣನ್ನು ತೊಳೆದಾಗ ತಳದಲ್ಲಿ ನಿಲ್ಲುವ ಕಣಗಳು ಅವರೇ ಎಂದು ನಾವು ನಂಬಿದ್ದೇವೆ.