ಮದ್ದಿನಂಗಡಿ ಮತ್ತು ವೈದ್ಯರ ಚೀಟಿ: ಸಂಶೋಧನೆಗಳು ಕಂಡದ್ದೇನು?

ಜ್ವರ, ಕೆಮ್ಮು, ಭೇದಿ ಎಂದಾಗ ಹಳ್ಳಿಯವರಲ್ಲಿ ಅನೇಕರು ಮೊದಲು ಹೋಗುವುದು ಆಸ್ಪತ್ರೆಗಲ್ಲ, ಪೇಟೆಯ ಮೆಡಿಕಲ್ ಶಾಪಿಗೆ. ವೈದ್ಯರ ಫೀಸು ಉಳಿಯುತ್ತದೆ, ಸಾಲಿನಲ್ಲಿ ಕಾಯುವುದು ತಪ್ಪುತ್ತದೆ, ಒಂದು ದಿನದ ಕೂಲಿಯೂ ಉಳಿಯುತ್ತದೆ. ಆದರೆ ಹಾಗೆ ಕೈಗೆ ಬಂದ ಮಾತ್ರೆ ಆ ಕಾಯಿಲೆಗೆ ಸರಿಯಾದದ್ದೇ? ಎಷ್ಟು ದಿನ ತಿನ್ನಬೇಕೆಂದು ಯಾರಾದರೂ ಹೇಳಿದರೇ? ಇಂತಹ ಪ್ರಶ್ನೆಗಳನ್ನು ಅಧ್ಯಯನ ಮಾಡುವ ವಿಭಾಗಕ್ಕೆ ‘ಫಾರ್ಮಸಿ ಪ್ರಾಕ್ಟೀಸ್’ ಎಂದು ಹೆಸರು. ಔಷಧ ತಯಾರಾಗುವ ಬಗೆಗಿಂತ, ತಯಾರಾದ ಔಷಧ ರೋಗಿಯ ಕೈ ಸೇರುವ ಬಗೆ ಇದರ ಮುಖ್ಯ ವಿಷಯ. ವೈದ್ಯರ ಚೀಟಿ ಅಥವಾ ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಅದೇ ಅಂಗಡಿಯ ವ್ಯವಹಾರವೇ ಬೇರೆಯಾಗುತ್ತದೆ ಎಂಬುದು ಭಾರತದಲ್ಲಿ ನಡೆದ ಇಂತಹ ಅಧ್ಯಯನದಿಂದ ತಿಳಿದುಬಂದಿದೆ.

ಅಧ್ಯಯನ ಬೆಳೆದು ಬಂದ ದಾರಿ

1985ರಲ್ಲಿ ಕೀನ್ಯಾದ ನೈರೋಬಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಜ್ಞರ ಸಮ್ಮೇಳನವೊಂದನ್ನು ನಡೆಸಿತು. ಔಷಧದ ಸರಿಯಾದ ಬಳಕೆ ಎಂದರೇನು ಎಂಬುದಕ್ಕೆ ಅಲ್ಲಿ ಮೂಡಿದ ವಿವರಣೆಯೇ ಇಂದಿಗೂ ಆಧಾರ. ಅದರ ಸಾರ ಇಷ್ಟು: ರೋಗಕ್ಕೆ ತಕ್ಕ ಔಷಧ, ಆ ರೋಗಿಗೆ ತಕ್ಕ ಪ್ರಮಾಣ, ಬೇಕಾದಷ್ಟು ದಿನ, ಆದಷ್ಟು ಕಡಿಮೆ ಖರ್ಚು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಬಳಕೆ ಸರಿಯಾಗಲಿಲ್ಲ ಎಂದೇ ಅರ್ಥ.

1993ರಲ್ಲಿ ಇದೇ ಸಂಸ್ಥೆ ಬಳಕೆಯನ್ನು ಅಳೆಯಲು 12 ಮುಖ್ಯ ಸೂಚಕಗಳನ್ನು ಪ್ರಕಟಿಸಿತು. ಒಂದು ಚೀಟಿಯಲ್ಲಿ ಸರಾಸರಿ ಎಷ್ಟು ಔಷಧಗಳಿವೆ, ಎಷ್ಟು ಚೀಟಿಗಳಲ್ಲಿ ಆಂಟಿಬಯೋಟಿಕ್ ಇದೆ, ಎಷ್ಟರಲ್ಲಿ ಇಂಜೆಕ್ಷನ್ ಇದೆ, ಔಷಧ ಕೊಡುವವರು ರೋಗಿಗೆ ಎಷ್ಟು ಸಮಯ ಕೊಟ್ಟರು, ಹೇಗೆ ತಿನ್ನಬೇಕೆಂದು ರೋಗಿಗೆ ತಿಳಿದಿದೆಯೇ ಎಂಬಂಥವು ಅವುಗಳಲ್ಲಿ ಸೇರಿವೆ.

ಭಾರತದಲ್ಲಿ ಈ ಶಿಕ್ಷಣ ಬೇರೂರಿದ ಊರುಗಳಲ್ಲಿ ಮೈಸೂರು ಮತ್ತು ನೀಲಗಿರಿಯ ಊಟಿ ಮುಖ್ಯವಾದವು. ಎರಡೂ ಕಡೆಗಳಲ್ಲಿರುವ ಜೆಎಸ್‌ಎಸ್ ಫಾರ್ಮಸಿ ಕಾಲೇಜುಗಳಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ತರಗತಿಗಳು ಆರಂಭವಾದವು. ಆರು ವರ್ಷಗಳ ಫಾರ್ಮ್‌-ಡಿ ಪದವಿ ದೇಶದಲ್ಲಿ 2008ರಲ್ಲಿ ಬಂತು.

ರೋಗಿಯಂತೆ ಹೋದವರು

ಅಂಗಡಿಯವರನ್ನು ನೇರವಾಗಿ ಕೇಳಿದರೆ ‘ಚೀಟಿ ಇಲ್ಲದೆ ಕೊಡುವುದಿಲ್ಲ’ ಎಂಬ ಉತ್ತರವೇ ಸಿಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಸಂಶೋಧಕರು ಬೇರೊಂದು ಕ್ರಮ ಅನುಸರಿಸುತ್ತಾರೆ. ತರಬೇತಿ ಪಡೆದ ವ್ಯಕ್ತಿಗಳು ರೋಗಿಗಳಂತೆ ಅಂಗಡಿಗೆ ಹೋಗಿ, ಒಂದೇ ಬಗೆಯ ತೊಂದರೆ ಹೇಳಿ, ಸಿಕ್ಕಿದ ಔಷಧವನ್ನೂ ಕೇಳಿದ ಮಾತನ್ನೂ ದಾಖಲಿಸುತ್ತಾರೆ.

ಈ ಕ್ರಮದಲ್ಲಿ ದೆಹಲಿ, ಮುಂಬಯಿ ಮತ್ತು ಪಟ್ನಾದ 622 ಔಷಧ ಅಂಗಡಿಗಳ ಅಧ್ಯಯನ 2014 ಮತ್ತು 2015ರಲ್ಲಿ ನಡೆಯಿತು. ಇದರ ವರದಿ 2016ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ರೋಗಿ’ಗಳು ಎರಡು ಬಗೆಯಾಗಿ ಹೋಗಿದ್ದರು. ಒಂದು ಬಗೆಯವರು ವಾರಗಳಿಂದ ಕೆಮ್ಮು, ಜ್ವರ ಎಂದಷ್ಟೇ ಹೇಳಿದರು. ಇನ್ನೊಂದು ಬಗೆಯವರು ಕ್ಷಯ ಇದೆಯೆಂದು ತೋರಿಸುವ ಕಫ ಪರೀಕ್ಷೆಯ ವರದಿಯನ್ನೂ ತೋರಿಸಿದರು. ಆಂಟಿಬಯೋಟಿಕ್ ಆಗಲಿ ಸ್ಟೀರಾಯ್ಡ್ ಆಗಲಿ ಕೊಡದೆ ವೈದ್ಯರ ಬಳಿ ಕಳುಹಿಸುವುದೇ ಇಲ್ಲಿ ಸರಿಯಾದ ಕ್ರಮ.

ಬರಿಯ ಮಾತಿನಲ್ಲಿ ಹೇಳಿದ 599 ಭೇಟಿಗಳಲ್ಲಿ ಶೇಕಡಾ 13ರಷ್ಟು ಮಾತ್ರ ಸರಿಯಾಗಿ ನಡೆದವು. ವರದಿ ತೋರಿಸಿದ 601 ಭೇಟಿಗಳಲ್ಲಿ ಶೇಕಡಾ 62ರಷ್ಟು ಸರಿಯಾಗಿ ನಡೆದವು. ಆಂಟಿಬಯೋಟಿಕ್ ಕೊಟ್ಟದ್ದು ಮೊದಲ ಬಗೆಯಲ್ಲಿ ಶೇಕಡಾ 37, ಎರಡನೆಯದರಲ್ಲಿ ಶೇಕಡಾ 16. ಕ್ಷಯದ ಮೊದಲ ಹಂತದ ಔಷಧಗಳನ್ನು ಮಾತ್ರ ಯಾವ ಅಂಗಡಿಯೂ ಕೊಡಲಿಲ್ಲ. ಅಂದರೆ ಅಂಗಡಿಯವರಿಗೆ ತಿಳುವಳಿಕೆಯೇ ಇಲ್ಲವೆಂದಲ್ಲ. ಕಾಯಿಲೆ ಯಾವುದೆಂದು ಕಾಗದದಲ್ಲಿ ಸ್ಪಷ್ಟವಾಗಿದ್ದಾಗ ಹೆಚ್ಚಿನವರು ಸರಿಯಾದ ದಾರಿಯನ್ನೇ ತೋರಿಸಿದರು.

ಬೆಂಗಳೂರಿನಲ್ಲಿ 261 ಅಂಗಡಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಂಗಡಿಗಳು ಚೀಟಿ ಇಲ್ಲದೆಯೇ ಸೂಕ್ಷ್ಮಾಣುನಾಶಕ ಔಷಧ ಕೊಟ್ಟಿದ್ದವು.

ಇದರಿಂದ ಹಾನಿ ಏನು?

ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತದೆ, ವೈರಸ್‌ಗಳ ಮೇಲಲ್ಲ. ಸಾಮಾನ್ಯ ಶೀತ, ನೆಗಡಿ, ಫ್ಲೂ ಜ್ವರಗಳು ವೈರಸ್‌ನಿಂದ ಬರುವಂಥವು. ಅವುಗಳಿಗೆ ಈ ಮಾತ್ರೆ ತಿಂದರೆ ಹಣ ಹೋಗುತ್ತದೆ, ಕಾಯಿಲೆ ತನ್ನ ಪಾಡಿಗೆ ಗುಣವಾಗುತ್ತದೆ. ಆದರೆ ದೇಹದಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಆ ಮದ್ದಿಗೆ ಬಗ್ಗದವು ಮಾತ್ರ ಉಳಿದು ಬೆಳೆಯುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಅದೇ ಮದ್ದು ಕೆಲಸ ಮಾಡದೆ ಹೋಗಬಹುದು.

ಕ್ಷಯದ ವಿಷಯದಲ್ಲಿ ಅಪಾಯ ಇನ್ನೂ ಹತ್ತಿರದ್ದು. ಲೆವೊಫ್ಲಾಕ್ಸಾಸಿನ್‌ನಂಥ ಮಾತ್ರೆಗಳಿಂದ ಕೆಮ್ಮು, ಜ್ವರ ಕೆಲವು ದಿನ ತಗ್ಗಬಹುದು. ಗುಣವಾಯಿತೆಂದು ರೋಗಿ ಸುಮ್ಮನಾಗುತ್ತಾನೆ. ಒಳಗಿನ ಕಾಯಿಲೆ ಪತ್ತೆಯಾಗದೆ ಉಳಿಯುತ್ತದೆ, ಮನೆಯ ಮಕ್ಕಳಿಗೂ ಹರಡಬಹುದು. ಸ್ಟೀರಾಯ್ಡ್ ಮಾತ್ರೆಗಳಿಂದಲೂ ಮೊದಲು ಹುರುಪು ಬಂದಂತೆ ತೋರುತ್ತದೆ, ಆದರೆ ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ.

ಕಾನೂನು ಏನು ಹೇಳುತ್ತದೆ?

ಔಷಧ ಮಾರಾಟಕ್ಕೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆ ಹಾಗೂ 1945ರ ನಿಯಮಗಳು ಆಧಾರ. ಇವು ಕೇಂದ್ರದ ಕಾನೂನುಗಳು. ‘ಎಚ್’ ಪಟ್ಟಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ‘ಎಚ್-1’ ಎಂಬ ಇನ್ನೂ ಬಿಗಿಯಾದ ಪಟ್ಟಿ ಜಾರಿಗೆ ಬಂತು. ಆರಂಭದಲ್ಲಿ ಅದರಲ್ಲಿ 46 ಔಷಧಗಳಿದ್ದವು. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್‌ಗಳು, ಕ್ಷಯದ ಔಷಧಗಳು, ನಿದ್ರೆ ಬರಿಸುವ ಅಲ್ಪ್ರಜೋಲಮ್, ನೋವಿನ ಟ್ರಮಡಾಲ್ ಇದರಲ್ಲಿ ಸೇರಿವೆ. ಇವನ್ನು ಮಾರಿದಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು.

ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು ಮತ್ತು ವಿಳಾಸ, ಒಟ್ಟು ಔಷಧದ ಪ್ರಮಾಣ, ತಿನ್ನಬೇಕಾದ ಕ್ರಮ ಇರಬೇಕು. ಮತ್ತೆ ಕೊಡಬಹುದೆಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕಳೆದ ವರ್ಷದ ಚೀಟಿ ಹಿಡಿದುಕೊಂಡು ಅದೇ ಮಾತ್ರೆ ಕೇಳುವುದು ಈ ಕಾರಣಕ್ಕೂ ಸರಿಯಲ್ಲ.

ಕೇರಳದಲ್ಲಿ ಕೈಗೊಂಡ ಕ್ರಮ

ಆಂಟಿಬಯೋಟಿಕ್‌ಗೆ ಬಗ್ಗದ ಸೂಕ್ಷ್ಮಾಣುಗಳನ್ನು ಎದುರಿಸಲು 2018ರಲ್ಲಿ ಕೇರಳ ತನ್ನದೇ ಕಾರ್ಯಯೋಜನೆ ಹೊರತಂದಿತು. ಭಾರತದ ರಾಜ್ಯಗಳಲ್ಲಿ ಇದು ಮೊದಲನೆಯದು. 2024ರ ಜನವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಅಮೃತ್’ ಎಂಬ ತಪಾಸಣೆ ಆರಂಭಿಸಿತು. ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡುವುದಿಲ್ಲ ಎಂಬ ಫಲಕ ಹಾಕುವಂತೆ ಅಂಗಡಿಗಳಿಗೆ ಸೂಚಿಸಲಾಯಿತು. ಅದೇ ವರ್ಷ, ಆಂಟಿಬಯೋಟಿಕ್‌ಗಳನ್ನು ನೀಲಿ ಬಣ್ಣದ ಪ್ರತ್ಯೇಕ ಕವರಿನಲ್ಲಿ ಕೊಡುವ ಕ್ರಮವೂ ಬಂತು. ಅಕ್ಷರ ಓದಲಾಗದವರಿಗೂ ಬಣ್ಣದಿಂದ ಗುರುತು ಸಿಗುತ್ತದೆ. ಉಳಿದುಹೋದ ಮತ್ತು ಅವಧಿ ಮುಗಿದ ಔಷಧಗಳನ್ನು ಸಂಗ್ರಹಿಸುವ ಯೋಜನೆ 2025ರ ಫೆಬ್ರವರಿಯಲ್ಲಿ ಕೋಝಿಕ್ಕೋಡ್ ನಗರ ಮತ್ತು ಉಳ್ಳಿಯೇರಿ ಪಂಚಾಯತಿನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು.

ಗಡಿಯವರ ಕಷ್ಟ

ಮಂಗಳೂರಿನಲ್ಲಿ ತೋರಿಸಿ ಮಂಜೇಶ್ವರದಲ್ಲಿ ಮದ್ದು ಕೊಳ್ಳುವವರು, ಚಾಮರಾಜನಗರದ ಚೀಟಿ ತಾಳವಾಡಿಗೆ ತರುವವರು, ಕಲಬುರಗಿಯ ಚೀಟಿ ಅಕ್ಕಲಕೋಟೆಗೆ ಒಯ್ಯುವವರು ಗಡಿನಾಡಿನಲ್ಲಿ ಬಹಳ. ವೈದ್ಯರ ಮಾತು ಒಂದು ಭಾಷೆ, ಅಂಗಡಿಯವರದು ಇನ್ನೊಂದು, ಮನೆಯಲ್ಲಿ ಮಾತ್ರೆ ತಿನ್ನಿಸುವ ಅಜ್ಜಿಯದು ಮತ್ತೊಂದು. ಪಟ್ಟಿಯ ಮೇಲಿನ ಅಕ್ಷರ ಇಂಗ್ಲಿಷ್. ಮೇಲೆ ಹೇಳಿದ ನಿಯಮದಲ್ಲಿ ಚೀಟಿ ಯಾವ ರಾಜ್ಯದ್ದೆಂಬ ಭೇದವಿಲ್ಲ. ಮಲಯಾಳದಲ್ಲಿ ಕುರಿಪ್ಪಡಿ ಎಂದರೂ ತೆಲುಗಿನಲ್ಲಿ ಮಂದುಲ ಚೀಟಿ ಎಂದರೂ ಅದು ಒಂದೇ ಕಾಗದ.

ಆದರೆ ಒಂದು ಊರಿನ ಕಂಪೆನಿ ಹೆಸರಿನ ಮಾತ್ರೆ ಇನ್ನೊಂದು ಊರಿನಲ್ಲಿ ಸಿಗದಿರಬಹುದು. ಹಾಗೆಂದು ಅಂಗಡಿಯವರು ತಾವಾಗಿ ಬೇರೆ ಔಷಧ ಬದಲಿಸಿ ಕೊಡುವಂತಿಲ್ಲ. ಆದ್ದರಿಂದ ಔಷಧದ ಮೂಲ ಹೆಸರನ್ನು, ಅಂದರೆ ಜನರಿಕ್ ಹೆಸರನ್ನು, ದೊಡ್ಡ ಅಕ್ಷರದಲ್ಲಿ ಬರೆಯುವಂತೆ ವೈದ್ಯರನ್ನು ಕೇಳುವುದು ಒಳ್ಳೆಯದು. ಸ್ಪಷ್ಟವಾಗಿ, ಜನರಿಕ್ ಹೆಸರಿನಲ್ಲೇ ಬರೆಯಬೇಕೆಂದು ವೈದ್ಯರ ವೃತ್ತಿ ನಿಯಮಕ್ಕೆ 2016ರಲ್ಲಿ ತಿದ್ದುಪಡಿಯೂ ಆಗಿದೆ.

ಚೀಟಿ ಓದುವ ಬಗೆ

* 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.
* ಓಡಿ ಎಂದರೆ ದಿನಕ್ಕೆ ಒಂದು ಸಲ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ.
* ಎಸಿ ಎಂದರೆ ಊಟಕ್ಕೆ ಮುಂಚೆ, ಪಿಸಿ ಎಂದರೆ ಊಟದ ನಂತರ.
* ಎಸ್‌ಒಎಸ್ ಎಂದರೆ ತೊಂದರೆ ಕಂಡಾಗ ಮಾತ್ರ.

ಅಂಗಡಿ ಬಿಡುವ ಮುನ್ನ

* ಯಾವ ಮಾತ್ರೆ ಯಾವುದಕ್ಕೆ, ಎಷ್ಟು ದಿನ ಎಂದು ನಿಮಗೆ ತಿಳಿಯುವ ಭಾಷೆಯಲ್ಲಿ ಕೇಳಿಕೊಳ್ಳಿ. ವಿವರಿಸಿ ಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿದೆ.
* ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಸಲಹೆ ಇಲ್ಲದೆ ತಿನ್ನಬಾರದ ಔಷಧ.
* ಮಾತ್ರೆ ಪಟ್ಟಿ ಕತ್ತರಿಸಿ ಕೊಟ್ಟರೆ ಅವಧಿ ಮುಗಿಯುವ ದಿನಾಂಕ ಬರೆಸಿಕೊಳ್ಳಿ. ಬಿಲ್ ಪಡೆಯಿರಿ.
* ಮೊದಲೇ ತಿನ್ನುತ್ತಿರುವ ಮದ್ದು, ಹಿಂದೆ ಮೈಗೆ ಒಗ್ಗದ ಮದ್ದು, ಗರ್ಭಿಣಿಯಾಗಿದ್ದರೆ ಆ ವಿಷಯ, ಇವನ್ನು ತಪ್ಪದೆ ಹೇಳಿ.
* ಒಬ್ಬರಿಗೆ ಬರೆದ ಆಂಟಿಬಯೋಟಿಕ್ ಇನ್ನೊಬ್ಬರಿಗೆ ಕೊಡಬೇಡಿ.
* ಮಕ್ಕಳ ಭೇದಿಗೆ ಮೊದಲ ಮದ್ದು ಓಆರ್‌ಎಸ್ ನೀರು. ರಕ್ತ ಕಂಡರೆ, ಮಗು ಸೋತರೆ ತಕ್ಷಣ ವೈದ್ಯರಿಗೆ ತೋರಿಸಿ.
* ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ ಮತ್ತು ಔಷಧ ಎಲ್ಲ ರಾಜ್ಯಗಳ ಸರ್ಕಾರಿ ಕೇಂದ್ರಗಳಲ್ಲೂ ಉಚಿತ.
* ಔಷಧದಿಂದ ತುರಿ, ಊತ, ಉಸಿರಿನ ತೊಂದರೆ ಬಂದರೆ ಕೂಡಲೇ ವೈದ್ಯರ ಬಳಿ ಹೋಗಿ. ಬಳಿಕ 1800-180-3024 ಉಚಿತ ಸಂಖ್ಯೆಗೆ ತಿಳಿಸಬಹುದು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮ ಇಂಥ ವರದಿಗಳನ್ನು ಸಂಗ್ರಹಿಸುತ್ತದೆ.

ಚೀಟಿ ಕೇಳಿದ ಅಂಗಡಿಯವರ ಮೇಲೆ ಸಿಟ್ಟಾಗಿ ಮುಂದಿನ ಅಂಗಡಿಗೆ ಹೋಗುವವರೂ ಇದ್ದಾರೆ. ಗಿರಾಕಿ ಕೈತಪ್ಪುವ ಹೆದರಿಕೆಯಿಂದ ಚೀಟಿ ಕೇಳದ ಅಂಗಡಿಯವರೂ ಇದ್ದಾರೆ. ಹೀಗಾಗಿ ಚೀಟಿ ಕೇಳುವ ಅಂಗಡಿಯನ್ನೇ ಊರಿನವರು ಆರಿಸಿಕೊಂಡರೆ ಲಾಭ ಇಬ್ಬರಿಗೂ ಇದೆ.