ಪ್ರಾಸ್ಟೇಟ್ ಕ್ಯಾನ್ಸರ್ ಔಷಧಕ್ಕೆ ಮಣಿಯದಾಗುವ ಬಗೆ

ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆಳೆಯುವುದು ಪುರುಷ ಹಾರ್ಮೋನಿನ ಬಲದಿಂದ. ವೃಷಣಗಳನ್ನು ತೆಗೆದರೆ ರೋಗ ಹಿಮ್ಮೆಟ್ಟುತ್ತದೆಂದು 1941ರಲ್ಲಿ ತೋರಿಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈಗ ಆ ಕೆಲಸವನ್ನು ಬಹುಮಟ್ಟಿಗೆ ಚುಚ್ಚುಮದ್ದೇ ಮಾಡುತ್ತದೆ.

ಆದರೆ ರೋಗ ಮೂಳೆಗಳಿಗೆ ಹರಡಿದ್ದರೆ ಈ ಹಿನ್ನಡೆ ಸಾಮಾನ್ಯವಾಗಿ ಶಾಶ್ವತವಲ್ಲ. ಮನೆಯವರು ನೆಮ್ಮದಿಯ ಉಸಿರು ಬಿಟ್ಟಿರುವಾಗಲೇ, ನೋವಿನ ಸುಳಿವೂ ಇಲ್ಲದೆ, ರಕ್ತದಲ್ಲಿ ಪಿಎಸ್‌ಎ ಮತ್ತೆ ಏರತೊಡಗಬಹುದು. ಕ್ಯಾನ್ಸರ್ ಕೋಶಗಳು ಹಾರ್ಮೋನಿನ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ಅತ್ಯಲ್ಪ ಹಾರ್ಮೋನಿನಲ್ಲೇ ಬದುಕುತ್ತವೆ; ಅಡ್ರಿನಲ್ ಗ್ರಂಥಿಯ ಸ್ರಾವದಿಂದ ತಾವೇ ಹಾರ್ಮೋನ್ ತಯಾರಿಸಿಕೊಳ್ಳುವುದೂ ಉಂಟು. ಎಆರ್-ವಿ7 ಎಂಬ ಮೊಟಕು ಗ್ರಾಹಕಕ್ಕಂತೂ ಹಾರ್ಮೋನೇ ಬೇಡ. ಅಮೆರಿಕದಲ್ಲಿ 2011ರಲ್ಲಿ ಅನುಮತಿ ಪಡೆದ ಅಬಿರಾಟೆರೋನ್ ಹಾರ್ಮೋನ್ ಉತ್ಪಾದನೆಯನ್ನು, 2012ರ ಎನ್ಜಲುಟಮೈಡ್ ಗ್ರಾಹಕವನ್ನು ತಡೆಯುತ್ತದೆ. ಮೊಟಕು ಗ್ರಾಹಕವಿರುವ ರೋಗಿಗಳಲ್ಲಿ ಇವೆರಡರ ಪರಿಣಾಮವೂ ಕಡಿಮೆ. ಡೋಸಿಟ್ಯಾಕ್ಸೆಲ್‌ನಂಥ ಕಿಮೋಥೆರಪಿ ಅಲ್ಲಿಯೂ ಕೆಲಸ ಮಾಡಬಲ್ಲದು.