ಘನೀಕೃತ ಆಕರಕೋಶಗಳ ಯಾಂತ್ರಿಕ ಶುದ್ಧೀಕರಣ

ಕಸಿಗಾಗಿ ಘನೀಕರಿಸಿಟ್ಟ ರಕ್ತದ ಆಕರಕೋಶಗಳನ್ನು ಕರಗಿಸಿದ ಮೇಲೆ, ಅವುಗಳಲ್ಲಿ ಉಳಿದ ಸಂರಕ್ಷಕ ರಾಸಾಯನಿಕವನ್ನೂ ಒಡೆದ ಕೋಶಗಳ ಚೂರುಗಳನ್ನೂ ಯಂತ್ರದಿಂದ ತೊಳೆದು ತೆಗೆಯುವ ವಿಧಾನ. ಕೋಶಗಳಿಗೆ ಸಾಮಾನ್ಯವಾಗಿ ಶೇ. 10ರಷ್ಟು ಡೈಮೀಥೈಲ್ ಸಲ್ಫಾಕ್ಸೈಡ್ ಬೆರೆಸಿ, ದ್ರವ ಸಾರಜನಕದಲ್ಲೋ ಅದರ ಆವಿಯಲ್ಲೋ ಇಡಲಾಗುತ್ತದೆ. ದ್ರವದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಹಿಮದ ಹರಳು ಕೋಶವನ್ನು ಸೀಳದಂತೆ ಕಾಯುವ ಈ ರಾಸಾಯನಿಕವೇ ರೋಗಿಯ ಮೈಗೆ ಸೇರಿದಾಗ ವಾಕರಿಕೆ, ರಕ್ತದೊತ್ತಡದ ಏರುಪೇರು ತರಬಲ್ಲದು. ಕೋಶ ಏರಿಸಿದ ದಿನ ರೋಗಿಯ ಉಸಿರು ಬೆಳ್ಳುಳ್ಳಿಯಂತೆ ನಾರುವುದೂ ಇದರಿಂದಲೇ.

ಚೀಲವನ್ನು 37 ಡಿಗ್ರಿಯ ನೀರಿನಲ್ಲಿ ಬೇಗ ಕರಗಿಸಿ, ಡೆಕ್ಸ್ಟ್ರಾನ್–ಆಲ್ಬುಮಿನ್ ದ್ರಾವಣದಿಂದ ತೆಳುಮಾಡಿ, ಸೆಪ್ಯಾಕ್ಸ್‌ನಂಥ ಯಂತ್ರದಲ್ಲಿ ತಿರುಗಿಸಿ ಮೇಲಿನ ದ್ರವ ಬಸಿಯುತ್ತಾರೆ. ಕೊಳವೆಗಳೆಲ್ಲ ಮುಚ್ಚಿರುವುದರಿಂದ ಸೋಂಕಿನ ಭಯ ಕಡಿಮೆ. ಆದರೆ ತೊಳೆದಷ್ಟೂ ಒಂದಿಷ್ಟು ಕೋಶಗಳು ನಷ್ಟವಾಗುತ್ತವೆ. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 (ಆಕರಕೋಶದ ಗುರುತಿನ) ಕೋಶಗಳು ಬೇಕಾದಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿಯೇ ಹಲವು ಕೇಂದ್ರಗಳು ತೊಳೆಯದೆ ನಿಧಾನವಾಗಿ ಏರಿಸುತ್ತವೆ. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳ ಸ್ವಂತ ಕೋಶಗಳನ್ನು ಘನೀಕರಿಸದೆ 4 ಡಿಗ್ರಿಯಲ್ಲಿ ಕೆಲವು ದಿನ ಇಟ್ಟು ಬಳಸುವ ರೂಢಿ ಭಾರತದಲ್ಲಿದೆ. ಖರ್ಚಿನ ಲೆಕ್ಕದಲ್ಲಿ ಅದೇ ಜಾಣತನ.